ಸಿಂಹಮುಖದ ಬೆಳ್ಳಿ

ಅವರ ಅಕ್ಕನ ಮಗಳು ಮ್ಯಾನ್‌ಹೈಮ್‌ನಿಂದ ಅಂಚೆಯಲ್ಲಿ ಕಳಿಸಿದ ಪತ್ರಿಕೆಯ ತುಣುಕಿನಲ್ಲಿ ಮೂರೇ ಸಾಲುಗಳಿದ್ದವು. ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನ, ಕೆಳಗೆ ‘ನಿವೃತ್ತ ರಷ್ಯನ್ ಶಿಕ್ಷಕರು’ ಎಂದು. ಓದಿ ಸಂಕಟವಾಯಿತು. ಮೂವತ್ತು ವರ್ಷ ಅವರು ಪೂರ್ವ ಜರ್ಮನಿಯ ಶಾಲೆಯಲ್ಲಿ ರಷ್ಯನ್ ಕಲಿಸಿದ್ದು ನಿಜ. ಆದರೆ ಅವರ ಮನೆಯಲ್ಲಿ ಆ ಭಾಷೆಯ ಒಂದು ಪುಸ್ತಕವೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗ್ರೀಕ್. “ನಮ್ಮ ಕಾಲದ ಸರ್ಕಾರಕ್ಕೆ ಸತ್ತ ಭಾಷೆ ಬೇಡವಾಗಿತ್ತು, ಜೀವಂತ ಭಾಷೆಯಲ್ಲಿ ಒಂದನ್ನು ಅವರೇ ಆರಿಸಿ ಕೊಟ್ಟರು” ಎಂದು ಅವರೊಮ್ಮೆ ಹೇಳಿದ್ದರು, ನಗದೆ.

ಹೈಡೆಲ್‌ಬರ್ಗ್‌ನಲ್ಲಿ ಎರಡೂವರೆ ವರ್ಷ ನಾವು ಅವರ ಮೇಲಿನ ಮನೆಯಲ್ಲಿದ್ದೆವು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯೊಳಗೆ ಅವರಿಗೆ ‘ಕೆಳಗಿನವರು’ ಎಂದೇ ಹೆಸರು.

ನನ್ನ ಗಂಡನಿಗೆ ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ವಾಲ್‌ಡಾರ್ಫ್ ಕಡೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಾಗಿತ್ತು. ಐದು ವರ್ಷದ ಪರ್ಮಿಟ್. ನಾನು ಉಡುಪಿಯ ಕಾಲೇಜಿನಲ್ಲಿ ಎಂಟು ವರ್ಷ ಇತಿಹಾಸ ಪಾಠ ಮಾಡಿದ್ದವಳು, ರಾಜೀನಾಮೆ ಕೊಟ್ಟು ಜೊತೆಗೆ ಬಂದಿದ್ದೆ. ಹೆಂಡತಿಗೆ ಮೊದಲ ವರ್ಷ ಕೆಲಸ ಮಾಡುವ ಅನುಮತಿ ಇಲ್ಲ ಎಂದು ಔಸ್‌ಲೆಂಡರ್‌ಆಮ್ಟ್‌ನಲ್ಲಿ, ಅಂದರೆ ವಿದೇಶಿಯರ ಕಚೇರಿಯಲ್ಲಿ, ಪಾಸ್‌ಪೋರ್ಟಿನ ಮೇಲೆ ಅಂಟಿಸಿಯೇ ಕೊಟ್ಟಿದ್ದರು. ಬೆಳಿಗ್ಗೆ ಗಂಡ ಸಹೋದ್ಯೋಗಿಯ ಕಾರು ಹತ್ತಿ ಹೋದ ಮೇಲೆ ಸಂಜೆಯವರೆಗೆ ನಾನು ಮತ್ತು ಗೋಡೆ. ಅರ್ಧ ದಿನ ಜರ್ಮನ್ ಕ್ಲಾಸು. ಉಳಿದ ಅರ್ಧ ದಿನ ಆ ಜರ್ಮನ್ ಯಾರ ಹತ್ತಿರ ಮಾತಾಡುವುದು ಎಂಬ ಚಿಂತೆ.

ಅವರನ್ನು ನಾನು ಮೊದಲು ನೋಡಿದ್ದು ಮೆಟ್ಟಿಲ ಮೇಲೆ. ಆ ಕಟ್ಟಡದ ಮೆಟ್ಟಿಲಿನ ದೀಪ ಒತ್ತಿದರೆ ಒಂದು ನಿಮಿಷ ಉರಿದು ತಾನೇ ಆರಿಹೋಗುವಂಥದ್ದು. ನವೆಂಬರಿನ ಮಧ್ಯಾಹ್ನ. ಎತ್ತರದ, ಬೆನ್ನು ಬಾಗದ ಒಬ್ಬ ಮುದುಕರು ಅಂಚೆ ಡಬ್ಬಿಯ ಪಕ್ಕ ನಿಂತು, ದಪ್ಪ ಪುಸ್ತಕವೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಓಡಿಸುತ್ತಿದ್ದರು. ದೀಪ ಆರಿತು. ಅವರು ಕೈ ಚಾಚಿ ಸ್ವಿಚ್ಚಿಗಾಗಿ ಗೋಡೆ ತಡವಿದರು. ಮತ್ತೆ ಆರಿತು, ಮತ್ತೆ ತಡವಿದರು. ಮೂರನೆಯ ಸಲ ನಾನೇ ಹೋಗಿ ಒತ್ತಿ, ಬೆರಳು ತೆಗೆಯದೆ ನಿಂತೆ. ಪುಟ ಮುಗಿಸಿದ ಮೇಲೆ ತಲೆ ಎತ್ತಿ, “ನೀವು ಮೇಲಿನ ಮನೆಯವರು. ನಿಮ್ಮ ಚಪ್ಪಲಿಯ ಸದ್ದು ಗೊತ್ತು” ಎಂದರು. “ಮನೆ ಬಾಗಿಲವರೆಗೆ ಕಾಯಲು ನನ್ನಿಂದ ಆಗುವುದಿಲ್ಲ. ಇದು ಹಳೇ ನಾಣ್ಯಗಳ ಹರಾಜಿನ ಕ್ಯಾಟಲಾಗು.”

ಅವರ ಕಣ್ಣಿನ ನಡುಭಾಗ ಹೋಗಿತ್ತು. ಅಂಚು ಕಾಣುತ್ತಿತ್ತು, ನೇರಕ್ಕೆ ಇಟ್ಟದ್ದು ಕಾಣುತ್ತಿರಲಿಲ್ಲ. ಮುಖ ನೋಡಿ ಮಾತಾಡಬೇಕೆಂದರೆ ಪಕ್ಕಕ್ಕೆ ತಿರುಗುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಅಹಂಕಾರದ ಹಾಗೆ ಕಾಣುತ್ತಿತ್ತು.

ಮರುದಿನ ಬಾಗಿಲು ತಟ್ಟಿ, ವಾರಕ್ಕೆ ಎರಡು ದಿನ ಬಂದು ಆ ಕ್ಯಾಟಲಾಗು ಓದಿ ಹೇಳಬಹುದೇ, ಬದಲಿಗೆ ನಿಮ್ಮ ಜರ್ಮನ್ ತಿದ್ದುತ್ತೇನೆ ಎಂದು ಕೇಳಿದರು. ಹಾಗೆ ಶುರುವಾಯಿತು. ನನ್ನ ಗಂಡ ನಕ್ಕರು. “ಎಂತ ಮಾರಾಯ್ತಿ, ಇಲ್ಲಿಯೂ ನಿನಗೆ ಹಳೇ ಕಾಲದವರೇ ಸಿಕ್ಕಿದ್ದಾ?”

ಅವರ ಹತ್ತಿರ ಓದುವುದೆಂದರೆ ಸುಲಭದ ಕೆಲಸವಲ್ಲ. ಜರ್ಮನ್ ಭಾಷೆಯಲ್ಲಿ ಪ್ರತಿ ವಸ್ತುವಿನ ಹೆಸರಿಗೂ ಒಂದು ಲಿಂಗ. “ನಾಣ್ಯ ಹೆಣ್ಣು, ಸಿಂಹ ಗಂಡು, ಬೆಳ್ಳಿ ಎರಡೂ ಅಲ್ಲ. ಮತ್ತೊಮ್ಮೆ ಓದಿ.” ಕಾಲೇಜಿನಲ್ಲಿ ಕಲಿಸುತ್ತಿದ್ದೆ ಎಂದು ತಿಳಿದ ಮೇಲೆ ನನ್ನನ್ನು ‘ಫ್ರಾವ್ ಪ್ರೊಫೆಸರ್’, ಪ್ರೊಫೆಸರಮ್ಮ, ಎಂದೇ ಕರೆದರು. ಮೊದಮೊದಲು ತಮಾಷೆಗೆ ಇದ್ದಿರಬಹುದು. ಆದರೆ ಆ ದೇಶದಲ್ಲಿ ಎಲ್ಲ ಕಾಗದದಲ್ಲೂ ನಾನು ಬರೀ ‘ಜೊತೆಗೆ ಬಂದ ಪತ್ನಿ’ಯಾಗಿದ್ದಾಗ, ವಾರಕ್ಕೆರಡು ಮಧ್ಯಾಹ್ನ ಯಾರಾದರೂ ಪ್ರೊಫೆಸರ್ ಎಂದರೆ ಬೇಡ ಎನ್ನಲು ಮನಸ್ಸು ಬರುತ್ತಿರಲಿಲ್ಲ.

ಒಮ್ಮೆ ಬಾರಕೂರಿನ ಬಗ್ಗೆ ಹೇಳಿದೆ. ನಮ್ಮೂರಿನ ಹತ್ತಿರವೇ ಆಳುಪರ ರಾಜಧಾನಿ ಇತ್ತು, ಅವರ ನಾಣ್ಯದ ಮೇಲೆ ಎರಡು ಮೀನು ಇರುತ್ತಿತ್ತು, ಎಂಟು ವರ್ಷ ಅದನ್ನು ಪಾಠ ಮಾಡಿದೆ ಎಂದೆ.

“ಕೈಯಲ್ಲಿ ಹಿಡಿದಿದ್ದೀರಾ?”

“ಇಲ್ಲ. ಪುಸ್ತಕದಲ್ಲಿ ಚಿತ್ರ ನೋಡಿದ್ದೇನೆ.”

ಅವರು ಎದ್ದು ಹೋಗಿ ಡ್ರಾಯರಿನಿಂದ ಸವೆದ ತಾಮ್ರದ ಬಿಲ್ಲೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. “ಇದಕ್ಕೆ ಬೆಲೆ ಇಲ್ಲ, ಮುಖವೂ ಉಳಿದಿಲ್ಲ. ಎರಡು ಸಾವಿರ ವರ್ಷದ್ದು. ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಬಿಸಿಯಾಗುತ್ತದೆ.” ನಿಜಕ್ಕೂ ಬಿಸಿಯಾಯಿತು. ಹಿಂದೆ ಕೊಟ್ಟಾಗ, “ಈಗ ಪಾಠ ಮಾಡಿ” ಎಂದರು.

ಯೂರೋ ಬಂದ ಜನವರಿಯಲ್ಲಿ ಅವರ ಜೊತೆ ಬ್ಯಾಂಕಿಗೆ ಹೋಗಿದ್ದೆ. ಹೊಸ ನಾಣ್ಯಗಳನ್ನು ಕೌಂಟರಿನ ಮೇಲೆ ಹರಡಿಕೊಂಡು ಅಂಚನ್ನು ಉಗುರಿನಿಂದ ಕೆರೆದು ಕೆರೆದು ಕಲಿತುಕೊಂಡರು. ಹಿಂದೆ ಜನ ಕಾಯುತ್ತಿದ್ದರು. “ನನ್ನ ಜೀವಮಾನದಲ್ಲಿ ಇದು ನಾಲ್ಕನೆಯ ಸಲ. ಹಿಟ್ಲರನ ದುಡ್ಡು, ಪೂರ್ವದ ದುಡ್ಡು, ಪಶ್ಚಿಮದ ದುಡ್ಡು, ಈಗ ಇದು. ಒಂದು ಸಲವೂ ನನ್ನನ್ನು ಯಾರೂ ಕೇಳಲಿಲ್ಲ.” ಕೌಂಟರಿನ ಹುಡುಗಿ ಸುಮ್ಮನೆ ನಕ್ಕಳು.

ಕ್ಯಾಟಲಾಗುಗಳಲ್ಲಿ ಅವರು ಹುಡುಕುತ್ತಿದ್ದದ್ದು ಒಂದೇ ನಾಣ್ಯ. ಅದು ನನಗೆ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಸಿಸಿಲಿಯ ಪುಟ ಬಂದರೆ ಅವರ ಪಾದ ಅಲುಗಾಡುವುದು ನಿಲ್ಲುತ್ತಿತ್ತು.

ಆ ನಾಣ್ಯದ ಕಥೆಯನ್ನು ಅವರು ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ. ಎರಡೂವರೆ ಸಾವಿರ ವರ್ಷದ ಹಿಂದೆ ಸ್ಯಾಮೊಸ್ ಎಂಬ ಗ್ರೀಕ್ ದ್ವೀಪದವರು ಪರ್ಷಿಯದ ದೊರೆಯ ವಿರುದ್ಧ ದಂಗೆ ಎದ್ದು ಸೋತರು. ಪರ್ಷಿಯದವರ ಕೈಕೆಳಗೆ ಇರಲಾರೆವು ಎಂದ ಒಂದಷ್ಟು ಜನ ಹಡಗು ಹತ್ತಿದರು. ಸಿಸಿಲಿಯ ಝಾಂಕ್ಲೆ ಎಂಬ ಊರಿನವರು, ಬನ್ನಿ, ನಿಮಗೆ ಜಾಗ ತೋರಿಸುತ್ತೇವೆ, ಹೊಸ ಊರು ಕಟ್ಟಿಕೊಳ್ಳಿ ಎಂದು ಕರೆದಿದ್ದರು. ಇವರು ಹೋಗಿ ಮುಟ್ಟುವಾಗ ಝಾಂಕ್ಲೆಯ ಗಂಡಸರೆಲ್ಲ ದೂರ ಯುದ್ಧಕ್ಕೆ ಹೋಗಿದ್ದರು. ಊರು ಬರಿದಾಗಿತ್ತು. ಪಕ್ಕದೂರಿನ ರಾಜ ಕಿವಿಯೂದಿದ. ಹೊಸ ಊರು ಎಂತಕ್ಕೆ, ಇದೇ ಇದೆಯಲ್ಲ? ಮನೆ ಕಳೆದುಕೊಂಡು ಬಂದವರು ಕರೆದವರ ಮನೆಯನ್ನೇ ಹಿಡಿದುಕೊಂಡರು. ಅಲ್ಲಿ ಬೆಳ್ಳಿ ನಾಣ್ಯ ಹೊಡೆಸಿದರು. ಒಂದು ಬದಿ ನೇರಕ್ಕೆ ನೋಡುವ ಸಿಂಹದ ಮುಖ, ಇನ್ನೊಂದು ಬದಿ ಬಿಟ್ಟುಬಂದ ದ್ವೀಪದ ಹಂದಿಮೂತಿಯ ಹಡಗು. ಊರಿನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಬದಲಿಗೆ ಒಂದೊಂದು ಅಕ್ಷರ, ಅ ಆ ಇ ಈ ಇದ್ದ ಹಾಗೆ. ಅಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ಎಂದು ಬಲ್ಲವರ ಊಹೆ. ಐದಾರು ಅಕ್ಷರದ ಮೇಲೆ ಇಲ್ಲ. ಕಿವಿಯೂದಿದ ರಾಜನೇ ಬಂದು ಅವರನ್ನು ಓಡಿಸಿ ಊರಿನ ಹೆಸರನ್ನೂ ಬದಲಿಸಿದ.

“ಅವರು ಪಾಪದವರಾ, ಕಳ್ಳರಾ?” ಎಂದು ನಾನು ಕೇಳಿದ್ದೆ.

“ನಾನೂ ಅದನ್ನೇ ಕೇಳಿಕೊಳ್ಳುತ್ತಾ ಇದ್ದೇನೆ” ಎಂದಿದ್ದರು.

ಅಂಥ ಒಂದು ನಾಣ್ಯ ಅವರ ತಂದೆಯ ಹತ್ತಿರ ಇತ್ತು. ಸ್ಯಾಕ್ಸನಿಯ ಒಂದು ಸಣ್ಣ ಊರಿನಲ್ಲಿ ತಂದೆ ಗ್ರೀಕ್ ಮತ್ತು ಲ್ಯಾಟಿನ್ ಮಾಸ್ತರರು. ತಂದೆಯಿಂದ ಇವರಿಗೆ ಬಂತು. ಪೂರ್ವ ಜರ್ಮನಿಯ ಕಾಲದಲ್ಲಿ ಒಂದು ದಿನ ತೆರಿಗೆಯವರು ಎಂದು ಹೇಳಿಕೊಂಡು ನಾಲ್ಕು ಜನ ಬಂದು, ಕಟ್ಟಲಾಗದಷ್ಟು ತೆರಿಗೆ ಹಾಕಿ, ಸಂಗ್ರಹವನ್ನೆಲ್ಲ ಎತ್ತಿಕೊಂಡು ಹೋದರು. ಆಗೆಲ್ಲ ಹಾಗೆ ಎತ್ತಿಕೊಂಡದ್ದು ಪಶ್ಚಿಮಕ್ಕೆ ಮಾರಾಟವಾಗುತ್ತಿತ್ತಂತೆ. ಅವರು ಕೊಟ್ಟ ರಸೀದಿಯನ್ನು ನಾನೇ ಓದಿದ್ದೇನೆ. ‘ಹಳೆಯ ಲೋಹದ ನಾಣ್ಯಗಳು, ಒಂದು ಪೆಟ್ಟಿಗೆ.’ ಪ್ರತಿಯೊಂದರ ಊರು, ಕಾಲ, ತೂಕ ಅವರಿಗೆ ಬಾಯಿಪಾಠ ಇದ್ದವು. ಬರ್ಲಿನ್ ಗೋಡೆ ಬಿದ್ದು ಪಶ್ಚಿಮಕ್ಕೆ ಬಂದ ಮೇಲೆ ಸಂಬಂಧಪಟ್ಟ ಕಚೇರಿಗೆ ಅರ್ಜಿ ಹಾಕಿದಾಗ, ಇಂಥದ್ದೇ ನಾಣ್ಯ ನಿಮ್ಮದೆಂದು ತೋರಿಸುವ ಕಾಗದ ಬೇಕು ಎಂದರಂತೆ. ಈ ರಸೀದಿ ಬಿಟ್ಟು ಬೇರೇನೂ ಕೊಡಲಿಲ್ಲ, ಅಲ್ಲಿಗೆ ಮುಗಿಯಿತು ಎಂದರು. ‘ಇರಲಿಲ್ಲ’ ಎನ್ನದೆ ‘ಕೊಡಲಿಲ್ಲ’ ಎಂದದ್ದು ಆಗ ನನ್ನ ಕಿವಿಗೆ ಬೀಳಲಿಲ್ಲ.

ಎರಡನೆಯ ವರ್ಷದ ಶರತ್ಕಾಲದಲ್ಲಿ ನಾನೇ ಅದನ್ನು ಕಂಡುಹಿಡಿದೆ. ಅಷ್ಟರಲ್ಲಿ ಹರಾಜಿನವರು ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕತೊಡಗಿದ್ದರು. ಫ್ರಾಂಕ್‌ಫರ್ಟಿನ ಒಂದು ಹರಾಜಿನ ಪಟ್ಟಿ. ಸಿಂಹದ ಮುಖ ನಿಧಾನಕ್ಕೆ, ಮೇಲಿನಿಂದ ಕೆಳಕ್ಕೆ, ಗೆರೆ ಗೆರೆಯಾಗಿ ಪರದೆಯ ಮೇಲೆ ಇಳಿಯಿತು. ಎಡಗಿವಿಯ ಪಕ್ಕ ಒಂದು ಕಚ್ಚು. ಒಳಗೂ ಬೆಳ್ಳಿಯೇ ಇದೆಯಾ ಎಂದು ನೋಡಲು ಹಳೇ ಕಾಲದಲ್ಲಿ ಯಾರೋ ಉಳಿಯಿಂದ ಹೊಡೆದದ್ದು. ಆ ಕಚ್ಚಿನ ಬಗ್ಗೆ ಅವರು ನೂರು ಸಲ ಹೇಳಿದ್ದರು. ಓಡಿ ಕೆಳಗೆ ಹೋಗಿ ಕರೆದುಕೊಂಡು ಬಂದೆ. ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಮಾನಿಟರಿಗೆ ಕೆನ್ನೆ ತಾಗಿಸಿ, ಕಣ್ಣಿನ ಅಂಚಿನಿಂದ ನೋಡಿದರು. ಕಂಡಿತೋ ಇಲ್ಲವೋ. “ಕಚ್ಚು ಮೇಲಿನಿಂದ ಒಳಕ್ಕೆ ಓರೆಯಾಗಿ ಇದೆಯಾ?”

“ಇದೆ.”

“ಹಡಗಿನ ಕೆಳಗೆ ಬೆಳ್ಳಿ ಸೀಳಿದೆಯಾ?”

“ಸೀಳಿದೆ.”

ಕುರ್ಚಿಯಲ್ಲಿ ಕುಳಿತರು. ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸಂಜೆ ನನ್ನ ಗಂಡ ಬಂದು ಎಲ್ಲ ಕೇಳಿ, “ಕಾಗದ ಉಂಟಾ ಅವರ ಹತ್ತಿರ? ಕಾಗದ ಇಲ್ಲದಿದ್ದರೆ ಈ ದೇಶದಲ್ಲಿ ನಾವು ನಾವೇ ಅಂತಲೂ ಒಪ್ಪೋದಿಲ್ಲ” ಎಂದರು. ಮರುದಿನ ಅದನ್ನೇ ಅವರಿಗೆ ಹೇಳಿದೆ. ಅವರು ಗ್ರೀಕ್ ನಿಘಂಟಿನ ನಡುವಿನಿಂದ ಮಡಚಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. “ಓದಿ. ಜೋರಾಗಿ ಓದಿ. ಈ ಕೈಬರಹ ಹತ್ತು ವರ್ಷದಿಂದ ನನಗೆ ಓದಲು ಆಗಿಲ್ಲ.”

ಒಬ್ಬ ಡಾಕ್ಟರರ ಚೀಟಿ. ಸಣ್ಣ, ನೆಟ್ಟಗಿನ ಅಕ್ಷರ. ಸಿಂಹಮುಖ, ಹಡಗು, ಎಡಗಿವಿಯ ಹತ್ತಿರ ಕಚ್ಚು, ತೂಕ ಗ್ರಾಮಿನ ನೂರನೇ ಒಂದು ಪಾಲಿನವರೆಗೆ. ಇದನ್ನು ಇಂಥ ಮಾಸ್ತರರಿಗೆ ಮಾರಿದ್ದೇನೆ, ಹಣ ಪೂರ್ತಿ ಸಂದಿದೆ. ಕೆಳಗೆ ಸಹಿ.

ನನಗೆ ಸಿಟ್ಟೇ ಬಂತು. “ಇದು ಇತ್ತಲ್ಲ! ಇದನ್ನು ಯಾಕೆ ಕೊಡಲಿಲ್ಲ? ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

“ನೀವು ತಾರೀಖು ಓದಲಿಲ್ಲ.”

ಓದಿದೆ. 1938ರ ನವೆಂಬರ್. ಎಂಟು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಆ ತಿಂಗಳನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಹೂದಿಗಳ ಅಂಗಡಿ, ಮಂದಿರಗಳನ್ನೆಲ್ಲ ಸುಟ್ಟ ತಿಂಗಳು. ಡಾಕ್ಟರರ ಹೆಸರನ್ನು ಇನ್ನೊಮ್ಮೆ ನೋಡಿದೆ. ಯಹೂದಿ ಹೆಸರು.

“ಬಾಗಿಲು ತೆಗೆದದ್ದು ನಾನು. ಒಂಬತ್ತು ವರ್ಷ ನನಗೆ. ಡಾಕ್ಟರು ಹಿತ್ತಲ ಬಾಗಿಲಿಗೆ ಬಂದಿದ್ದರು. ನನಗೆ ಗಂಟಲು ಬೇನೆ ಬಂದಾಗ ಚಮಚ ಇಟ್ಟು ನೋಡಿದ ಅದೇ ಕೈಯಲ್ಲಿ ಕರವಸ್ತ್ರದ ಗಂಟು. ಅರ್ಧ ಗಂಟೆಯಲ್ಲಿ ಹೋದರು. ಆವತ್ತು ಊಟಕ್ಕೆ ಕುಳಿತಾಗ ನನ್ನ ತಂದೆ ತುಂಬ ಖುಷಿಯಲ್ಲಿದ್ದರು. ಒಂದು ಹಳೇ ಮೋಟಾರ್‌ಸೈಕಲ್ಲಿನ ಬೆಲೆಗೆ ಸಿಕ್ಕಿತು ಎಂದರು. ನನ್ನ ತಂದೆ ಕೆಟ್ಟವರಾಗಿರಲಿಲ್ಲ, ಫ್ರಾವ್ ಪ್ರೊಫೆಸರ್. ನನಗೆ ಹೋಮ್‌ವರ್ಕ್ ಮಾಡಿಸುತ್ತಿದ್ದರು.”

ಆ ಚೀಟಿಯೊಂದೇ ನಾಣ್ಯ ಅವರದೆಂದು ಹೇಳುತ್ತಿತ್ತು. ಅದೇ ಚೀಟಿ ನಾಣ್ಯ ಅವರದಲ್ಲ ಎಂದೂ ಹೇಳುತ್ತಿತ್ತು. ಎದ್ದು ಬಂದುಬಿಟ್ಟೆ.

ವಾರದ ಮೇಲೆ ನಾವಿಬ್ಬರೂ ರೈಲಿನಲ್ಲಿ ಫ್ರಾಂಕ್‌ಫರ್ಟಿಗೆ ಹೋದೆವು. ಹರಾಜಿಗೆ ಮುಂಚೆ ಯಾರು ಬೇಕಾದರೂ ನಾಣ್ಯ ಕೈಗೆತ್ತಿಕೊಂಡು ನೋಡಬಹುದಿತ್ತು. ನೀಲಿ ಮಖಮಲ್ಲಿನ ತಟ್ಟೆ ಬಂತು. ಅವರು ಅದನ್ನು ಅಂಚಿನಲ್ಲೇ ಹಿಡಿದು ಎತ್ತಿ, ಕಚ್ಚಿನ ಮೇಲೆ ಹೆಬ್ಬೆರಳಿನ ಉಗುರು ಇಟ್ಟರು. ಪೆಟ್ಟಿಗೆ ಕೈಬಿಟ್ಟು ಹೋದ ಇಪ್ಪತ್ತನಾಲ್ಕು ವರ್ಷದ ಮೇಲೆ. ಮುಖದಲ್ಲಿ ಸಂತೋಷ ಇರಲಿಲ್ಲ. ತಪ್ಪಿಸಿಕೊಂಡು ಓಡಾಡುತ್ತಿದ್ದ ಯಾರನ್ನೋ ಹಿಡಿದು ನಿಲ್ಲಿಸಿದ ಹಾಗಿತ್ತು. ಅಥವಾ ಅವರೇ ಸಿಕ್ಕಿಬಿದ್ದ ಹಾಗೆ.

ಕೋಟಿನ ಜೇಬಿನಿಂದ ಚೀಟಿ ತೆಗೆದು ಮೇಲ್ವಿಚಾರಕರ ಮುಂದೆ ಇಟ್ಟರು. ಅವರು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಕೇಳಿದರು. “ನೀವು ಯಾರ ಪರವಾಗಿ ಕೇಳುತ್ತಾ ಇದ್ದೀರಿ? ನಿಮ್ಮ ಪರವಾಗಿಯಾ, ಡಾಕ್ಟರರ ಪರವಾಗಿಯಾ?”

ಇವರು ನಾನಿದ್ದ ದಿಕ್ಕಿಗೆ ಪಕ್ಕಕ್ಕೆ ತಿರುಗಿದರು.

“ಇದನ್ನು ಮಾರುತ್ತಿರುವವರ ಹತ್ತಿರ ಇಪ್ಪತ್ತು ವರ್ಷದ ಹಿಂದಿನ ಸರಿಯಾದ ಬಿಲ್ಲು ಇದೆ. ಡಾಕ್ಟರರ ಮನೆಯವರು ಬರೆದರೆ ಖಂಡಿತ ನೋಡುತ್ತೇವೆ” ಎಂದು ಅವರು ಚೀಟಿಯನ್ನು ಮಡಿಕೆಯ ಗೆರೆಯಲ್ಲೇ ಮಡಚಿ ವಾಪಸು ಕೊಟ್ಟರು. “ನೀವು ಹೇಳುವುದನ್ನು ನಾನು ನಂಬುತ್ತೇನೆ. ಆದರೆ ನಿಲ್ಲಿಸಲು ನನ್ನಿಂದ ಆಗುವುದಿಲ್ಲ.”

ಮಧ್ಯಾಹ್ನ ಅದು ಹರಾಜಾಯಿತು. ಒಂದು ನಿಮಿಷವೂ ಆಗಲಿಲ್ಲ. ಫೋನಿನಲ್ಲಿದ್ದ ಯಾರೋ ಕೊಂಡರು. ಸುತ್ತಿಗೆ ಬಿದ್ದಾಗ ಅವರು ನೆಟ್ಟಗೆ ಕುಳಿತಿದ್ದರು. “ಯಾವ ದೇಶಕ್ಕೆ ಹೋಯಿತು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವರು ಹೇಳಿದರು. “ಒಂದು ವಿಷಯ ನಿಮಗೆ ಹೇಳಿಲ್ಲ. ಝಾಂಕ್ಲೆಯವರು ತಮ್ಮ ಊರು ಬಿಡಿಸಿಕೊಡಲು ಬೇರೊಬ್ಬ ದೊರೆಯನ್ನು ಕರೆದರು. ಅವನು ಬಂದು ಝಾಂಕ್ಲೆಯವರನ್ನೇ ಸಂಕೋಲೆಗೆ ಹಾಕಿದ. ಮುಖ್ಯರಾದ ಮುನ್ನೂರು ಜನರನ್ನು ಸ್ಯಾಮೊಸ್‌ನವರ ಕೈಗೆ ಕೊಟ್ಟು, ಇವರ ಕತ್ತು ಕೊಯ್ಯಿರಿ ಎಂದ. ಸ್ಯಾಮೊಸ್‌ನವರು ಕೊಯ್ಯಲಿಲ್ಲ.” ಕೋಟಿನ ಜೇಬಿನ ಚೀಟಿಯನ್ನು ತಡವಿ, “ಮನೆ ಮಾತ್ರ ವಾಪಸು ಕೊಡಲಿಲ್ಲ” ಎಂದರು.

ಆ ಚಳಿಗಾಲ ಡಾಕ್ಟರರ ಮನೆಯವರನ್ನು ಹುಡುಕುವುದೇ ನನ್ನ ಉದ್ಯೋಗವಾಯಿತು. ಊರಿನ ನಗರಸಭೆಗೆ ಬರೆದೆ, ಪತ್ರಾಗಾರಗಳಿಗೆ ಬರೆದೆ. ಚೆದುರಿಹೋದ ಕುಟುಂಬದವರು ಒಬ್ಬರನ್ನೊಬ್ಬರು ಹುಡುಕುವ ಇಂಟರ್‌ನೆಟ್ ತಾಣಗಳಲ್ಲಿ ಹೆಸರು, ಊರು ಹಾಕಿದೆ. ಅದೇ ಹೊತ್ತಿಗೆ ನನ್ನ ಗಂಡನ ಕಂಪನಿ ಮುಳುಗುತ್ತಿತ್ತು. ಗ್ರೀನ್ ಕಾರ್ಡಿನ ಹುಡುಗರು ಒಬ್ಬೊಬ್ಬರಾಗಿ ಡೆಸ್ಕು ಖಾಲಿ ಮಾಡುತ್ತಿದ್ದರು. “ಪರ್ಮಿಟ್ ಐದು ವರ್ಷದ್ದು ಗುರು, ಕೆಲಸ ಐದು ವರ್ಷದ್ದಲ್ಲ” ಎಂದು ಮೈಸೂರಿನ ಒಬ್ಬ ಹುಡುಗ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತು ಹೇಳಿ, ಮುಂದಿನ ವಾರ ವಿಮಾನ ಹತ್ತಿದ. ನನಗಂತೂ ಏನೂ ಮಾಡಲು ಆಗುತ್ತಿರಲಿಲ್ಲ. ಕೆಲಸದ ಅನುಮತಿಗೆ ಹೋದರೆ, ಈ ಕೆಲಸಕ್ಕೆ ಜರ್ಮನರು ಸಿಗುತ್ತಾರೆ ಎಂಬ ಉತ್ತರ. ಇದೊಂದಾದರೂ ಕೈಗೂಡಲಿ ಎಂದು ಹಟ ಹಿಡಿದೆನೋ ಏನೋ.

ಮೇ ತಿಂಗಳಲ್ಲಿ ದಕ್ಷಿಣ ಅಮೆರಿಕದ ಮಾಂಟೆವಿಡಿಯೊದಿಂದ ಇಮೇಲ್ ಬಂತು. ಡಾಕ್ಟರರ ಮೊಮ್ಮಗಳು. ಮನೆಯಲ್ಲೇ ಕಲಿತ ಹಳೇ ಶೈಲಿಯ ಜರ್ಮನ್. ಪ್ರಿಂಟ್ ತೆಗೆದುಕೊಂಡು ಕೆಳಗೆ ಹೋದೆ. ಮೆಟ್ಟಿಲಲ್ಲೇ ಪೂರ್ತಿ ಓದಿಬಿಟ್ಟಿದ್ದೆ. ಓದಬಾರದಿತ್ತು.

ಅವರು ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದರು. ಓದಿದೆ. ‘ನಮ್ಮ ಅಜ್ಜ, ಅಜ್ಜಿ ಇಲ್ಲಿಗೆ ಬಂದು ಮುಟ್ಟಿದರು. ಅಜ್ಜ ಇಲ್ಲಿ ಡಾಕ್ಟರಿಕೆ ಮಾಡಲು ಆಗದೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದರು. ನಾಣ್ಯದ ಆಸೆ ನಮಗಿಲ್ಲ. ಆದರೆ ಅಜ್ಜನ ಕೈಬರಹ ನಮ್ಮ ಹತ್ತಿರ ಒಂದು ಸಾಲೂ ಇಲ್ಲ. ಆ ಚೀಟಿಯ ಫೋಟೊ ಕಳಿಸಲು ಸಾಧ್ಯವೇ?’ ಅಲ್ಲಿಗೆ ನಿಲ್ಲಿಸಿದೆ. ಇನ್ನೂ ನಾಲ್ಕು ಸಾಲು ಉಳಿದಿದ್ದವು.

“ಇಬ್ಬರು ಹೋದರು” ಎಂದರು ಅವರು.

“ಹೌದು.”

“ಆ ಮನೆಯಲ್ಲಿ ಮೂವರಿದ್ದರು. ಡಾಕ್ಟರರ ತಾಯಿ ಕಿಟಕಿಯಲ್ಲಿ ಕೂರುತ್ತಿದ್ದಳು. ಶಾಲೆಯಿಂದ ಬರುವಾಗ ನಮಗೆ ಸಕ್ಕರೆ ಹಚ್ಚಿದ ಬಾದಾಮಿ ಎಸೆಯುತ್ತಿದ್ದಳು. ಅವಳ ವಿಷಯ ಏನು ಬರೆದಿದ್ದಾಳೆ? ಬರೆಯದೇ ಇರುವುದಿಲ್ಲ.”

ಓದಲೇಬೇಕಾಯಿತು. ‘ಅಜ್ಜ ಒಂದೇ ಸಲ ಹೇಳಿದ್ದರು. ಪಿಯಾನೊ, ಗಡಿಯಾರ, ಆ ನಾಣ್ಯ ಎಲ್ಲ ಮಾರಿದರೂ ಎರಡು ಟಿಕೆಟ್ಟಿಗೆ ಆಯಿತು, ಮೂರನೆಯದಕ್ಕೆ ಸಾಲಲಿಲ್ಲ. ಮುತ್ತಜ್ಜಿ, ನೀವು ಹೋಗಿ, ಆಮೇಲೆ ಕರೆಸಿಕೊಳ್ಳಿ ಎಂದರಂತೆ. ಯುದ್ಧದ ನಡುವೆ ಅವರನ್ನು ಕ್ಯಾಂಪಿಗೆ ಹೋಗುವ ರೈಲಿಗೆ ಹತ್ತಿಸಿದರು. ಮುಂದಿನದು ನಿಮಗೆ ಗೊತ್ತಿರುತ್ತದೆ.’

ಅವರು ಅಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಮುಚ್ಚಿಯೇ ಇದ್ದ ಕಿಟಕಿಯನ್ನು ಮತ್ತೆ ಒತ್ತಿ ಮುಚ್ಚಿದರು. ಕೊನೆಗೆ, “ಫೋಟೊ ಬೇಡ. ಚೀಟಿಯನ್ನೇ ಕಳಿಸೋಣ” ಎಂದರು.

“ಒಂದು ಜೆರಾಕ್ಸ್ ಮಾಡಿ ಇಟ್ಟುಕೊಳ್ಳಿ.”

“ಎಂತಕ್ಕೆ? ನಾನು ಅದನ್ನು ಯಾರಿಗೆ ತೋರಿಸಲಿ?”

ಚೀಟಿಯ ಜೊತೆಗೆ ಒಂದು ಪತ್ರ ಹೋಗಬೇಕಿತ್ತು. ನಾಲ್ಕು ಮಧ್ಯಾಹ್ನ ನಾನು ಪೆನ್ನು ಹಿಡಿದು ಕುಳಿತೆ. ಅವರು ಹೇಳುವುದು, ಹೊಡೆದುಹಾಕಿ ಎನ್ನುವುದು. ‘ನನ್ನ ತಂದೆ’ ಎಂದು ಶುರು ಮಾಡಿದ ವಾಕ್ಯ ಒಂದೂ ಮುಗಿಯಲಿಲ್ಲ. ಕೊನೆಗೆ ಕಳಿಸಿದ್ದು ಎರಡೇ ಸಾಲು. ‘ಮಾರಿದ ಬೆಲೆ ತೀರ ಕಡಿಮೆ. ಅದು ನನ್ನ ತಂದೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು.’ ಕೆಳಗೆ ಅವರ ಸಹಿ ಗೆರೆ ಬಿಟ್ಟು ಮೇಲಕ್ಕೆ ಏರಿತ್ತು. ರಿಜಿಸ್ಟರ್ ಮಾಡಿ ಕಳಿಸಿದೆವು. ಆರು ವಾರದ ಮೇಲೆ ಮುಟ್ಟಿದ್ದಕ್ಕೆ ಸಹಿಯಾದ ಚೀಟಿ ಹಿಂದೆ ಬಂತು. ಅದರ ಜೊತೆ ಬೇರೇನೂ ಬರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಗಂಡನಿಗೆ ಫೊಯರ್‌ಬಾಕ್‌ನಲ್ಲಿ ಕೆಲಸ ಸಿಕ್ಕಿ ನಾವು ಸ್ಟುಟ್‌ಗಾರ್ಟಿಗೆ ಹೋದೆವು. ಹೊರಡುವ ದಿನ ಅವರು 'ಹೋಗಿ ಬನ್ನಿ' ಎಂದು ಕನ್ನಡದಲ್ಲಿ ಹೇಳಿದರು. ಹೇಳಿಕೊಟ್ಟದ್ದು ನಾನೇ. ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. ನನ್ನ ಆರೋಗ್ಯ, ಗಂಡನ ಕೆಲಸ, ಎಲ್ಲ ವಿಚಾರಿಸಿ ಕೊನೆಗೆ ಒಂದೇ ಪ್ರಶ್ನೆ. “ಬಂತಾ?”

“ಇಲ್ಲ.”

“ಸರಿ.”

ಮೊಮ್ಮಗಳಿಗೆ ಮತ್ತೆ ಎರಡು ಸಲ ಇಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಅವಳದ್ದೇನು ತಪ್ಪು? ಆ ಎರಡು ಸಾಲಿಗೆ ಯಾರು ಏನೆಂದು ಉತ್ತರ ಬರೆಯುತ್ತಾರೆ?

ಡಿಸೆಂಬರಿನಲ್ಲಿ ಅವರ ದನಿ ತೆಳ್ಳಗಾಗಿತ್ತು. ಉಸಿರಿಗೆ ಕಷ್ಟ, ಆಸ್ಪತ್ರೆಗೆ ಹೋಗಲು ಒಪ್ಪುತ್ತಿಲ್ಲ ಎಂದು ಅಕ್ಕನ ಮಗಳು ಹೇಳಿದಳು. ನನ್ನ ಗಂಡನೇ ಹೇಳಿದರು. “ಎರಡು ಸಾಲು ನೀನೇ ಬರೆದು ಓದು ಮಾರಾಯ್ತಿ. ಅವರಿಗೆಂತ ಕಾಣ್ತದಾ? ಸಾಯುವವರಿಗೆ ಒಂದು ಸಮಾಧಾನ.”

“ಸುಳ್ಳು ಹೇಳೂದಾ?”

“ಸತ್ಯ ಹೇಳಿ ಈವರೆಗೆ ಯಾರಿಗೆಂತ ಮಾಡಿದ್ದೀ?”

ಆ ಭಾನುವಾರ ಅವರು “ಬಂತಾ?” ಎಂದಾಗ ನನ್ನ ಬಾಯಿಂದ “ಬಂತು” ಎಂದು ಹೊರಟೇಬಿಟ್ಟಿತು.

ಆ ಕಡೆ ಕುರ್ಚಿ ಎಳೆದ ಸದ್ದು. “ಏನು ಬರೆದಿದ್ದಾಳೆ?”

ಏನೂ ಸಿದ್ಧ ಮಾಡಿಕೊಂಡಿರಲಿಲ್ಲ. ಕೈಯಲ್ಲಿ ಕಾಗದವೂ ಇರಲಿಲ್ಲ. “ಚೀಟಿ ಸಿಕ್ಕಿತಂತೆ. ತುಂಬ ಸಂತೋಷವಾಯಿತಂತೆ. ಮತ್ತೆ... ನಿಮ್ಮ ಮೇಲೆ, ನಿಮ್ಮ ತಂದೆಯವರ ಮೇಲೆ ಸಿಟ್ಟಿಲ್ಲವಂತೆ. ಕ್ಷಮಿಸಿದ್ದೇನೆ ಅಂತ ಬರೆದಿದ್ದಾಳೆ.”

ಅವರ ಉಸಿರಾಟ ಕೇಳುತ್ತಿತ್ತು.

“ಅವಳು ಹಾಗೆ ಬರೆದಿರಲಾರಳು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಅದನ್ನು ಹೇಳಬೇಕಾದವಳು ಕಿಟಕಿಯಲ್ಲಿ ಕೂರುತ್ತಿದ್ದವಳು. ಅವಳು ಇಲ್ಲ. ಬೇರೆ ಯಾರಿಗೂ ಅದು ಹೇಳಲು ಬರುವುದಿಲ್ಲ. ನಿಮಗೂ ಬರುವುದಿಲ್ಲ, ಫ್ರಾವ್ ಪ್ರೊಫೆಸರ್.”

ತಪ್ಪಾಯಿತು ಎನ್ನಲು ಜರ್ಮನ್‌ನ ಒಂದು ಶಬ್ದವೂ ನೆನಪಿಗೆ ಬರಲಿಲ್ಲ, ಕನ್ನಡದಲ್ಲೇ ಹೇಳಿದೆ.

“ಮುಂದಿನ ಭಾನುವಾರ ಫೋನ್ ಮಾಡುತ್ತೀರಲ್ಲ?” ಎಂದು ಅವರು ಕೇಳಿದರು.

“ಮಾಡುತ್ತೇನೆ.”

“ಮಾಡಿ. ಬರದಿದ್ದರೆ ಬಂದಿಲ್ಲ ಎಂದೇ ಹೇಳಿ. ನಾನು ಕೇಳುತ್ತೇನೆ, ನೀವು ಇಲ್ಲ ಎನ್ನಿ. ಅಷ್ಟಾದರೂ ನಡೆಯುತ್ತಾ ಇರಲಿ.”

ಮುಂದಿನ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಮಾಡಿದೆ. ಅವರ ಅಕ್ಕನ ಮಗಳು ಎತ್ತಿದಳು.